ದಾಖಲೆಯಾದ ದಿನಬದುಕು



ದುಡಿದ ಹಣದಲ್ಲಿ ಒಂದು ಪಾಲು ದತ್ತಿಯಾಗಿ ತೆಗೆದಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನ ಕೂಡಿ ಒಂದು ವಿಷಯವನ್ನು ನಿಧಾನವಾಗಿ ಯೋಚಿಸಲಿ ಎಂದು ಬಯಸುವುದು ದೊಡ್ಡ ಮನಸ್ಸಿನ ಕೆಲಸ. ಅಂಥ ಬಯಕೆಗೆ ತಕ್ಕಂತೆ, ನಾವೆಲ್ಲರೂ ದಿನವೂ ಬಳಸುವ, ಆದರೆ ನಿಂತು ಯೋಚಿಸದ ವಿಷಯವೊಂದನ್ನು ಇಂದು ಆರಿಸಿಕೊಂಡಿದ್ದೇನೆ. ಇಂಟರ್ನೆಟ್ ನಮ್ಮ ನಾಡಿನ ದಿನನಿತ್ಯದ ಬದುಕನ್ನು ಹೇಗೆ ಬದಲಿಸಿತು ಎಂಬುದೇ ಆ ವಿಷಯ.

ವಿದೇಶ್ ಸಂಚಾರ್ ನಿಗಮವು ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ಸಂಪರ್ಕ ಕೊಡಲು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಆಗ ಅದು ಟೆಲಿಫೋನ್ ತಂತಿ ಇದ್ದ ಕೆಲವೇ ಮನೆ, ಕಚೇರಿಗಳ ಸಂಗತಿ. 2013ರ ಜುಲೈನಲ್ಲಿ ದೇಶದಲ್ಲಿ ಟೆಲಿಗ್ರಾಂ ಸೇವೆ ನಿಂತುಹೋಯಿತು. 2016ರಲ್ಲಿ ಮೂರು ಘಟನೆಗಳು ಒಂದರ ಹಿಂದೊಂದು ನಡೆದವು. ಯುಪಿಐ ಬಂತು, ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ನವೆಂಬರಿನಲ್ಲಿ ನೋಟು ರದ್ದಾಯಿತು. ಅಲ್ಲಿಂದ ಮುಂದೆ ಇಂಟರ್ನೆಟ್ ಪೇಟೆಯವರ ಸ್ವತ್ತಾಗಿ ಉಳಿಯಲಿಲ್ಲ. ಸಂತೆಗೆ ಬಂತು, ಹೊಲದ ಬದುವಿಗೆ ಬಂತು, ಅಡುಗೆಮನೆಗೂ ಬಂತು.

ಇದರಿಂದ ಏನು ಬದಲಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಎಲ್ಲ ಕೆಲಸವೂ ಬೇಗ ಆಗುತ್ತದೆ ಎನ್ನುವವರು ಕೆಲವರು. ಮನೆಯವರ ನಡುವೆ ಮಾತೇ ಕಡಿಮೆಯಾಯಿತು ಎನ್ನುವವರು ಹಲವರು. ಎರಡರಲ್ಲೂ ಸತ್ಯವಿದೆ. ಆದರೆ ಇವೆರಡಕ್ಕಿಂತ ಆಳದಲ್ಲಿ ಇನ್ನೊಂದು ಬದಲಾವಣೆ ನಡೆದಿದೆ ಎಂಬುದು ನನ್ನ ತಿಳಿವಳಿಕೆ. ಹಿಂದೆ ನಮ್ಮ ಬದುಕಿನ ಕೆಲವೇ ಸಂಗತಿಗಳು ಬರವಣಿಗೆಗೆ ಬರುತ್ತಿದ್ದವು: ಹುಟ್ಟು, ಸಾವು, ಜಮೀನು, ಸಾಲ, ಶಾಲೆಯ ಹಾಜರಿ. ಇಂದು ಸೊಪ್ಪು ಕೊಂಡದ್ದು, ಪಡಿತರ ತಂದದ್ದು, ಪಾಠ ಕೇಳಿದ್ದು, ಊಟ ತರಿಸಿದ್ದು, ಗೆಳೆಯನಿಗೆ ಸಮಾಧಾನ ಹೇಳಿದ್ದು ಎಲ್ಲವೂ ಎಲ್ಲೋ ಒಂದು ಕಡೆ ದಾಖಲೆಯಾಗಿ ಉಳಿಯುತ್ತವೆ. ದಾಖಲೆ ನಮ್ಮ ಕೈಗೆ ಸಿಕ್ಕಾಗ ಬಲ ಬರುತ್ತದೆ. ಅದು ಬೇರೆಯವರ ಕೈಯಲ್ಲೇ ಉಳಿದಾಗ ಅಂಜಿಕೆ ಬರುತ್ತದೆ. ಆದ್ದರಿಂದ ಇಂಟರ್ನೆಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ನಮ್ಮ ಬದುಕಿನ ದಾಖಲೆಯನ್ನು ಯಾರು ಬರೆಯುತ್ತಾರೆ, ಯಾರು ನೋಡುತ್ತಾರೆ, ತಪ್ಪಿದ್ದರೆ ಯಾರು ತಿದ್ದುತ್ತಾರೆ ಎಂದು ಕೇಳಬೇಕು. ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

1. ಕಲ್ಲು, ಕಡತ, ಪಹಣಿ

ದಾಖಲೆ ಎಂಬುದು ಕನ್ನಡನಾಡಿಗೆ ಹೊಸದಲ್ಲ. ಐದನೆಯ ಶತಮಾನದ ಹಲ್ಮಿಡಿ ಶಾಸನ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರುಗಳನ್ನು ಬಿಟ್ಟುಕೊಟ್ಟ ಕೊಡುಗೆಯ ದಾಖಲೆ. ಅಲ್ಲಿಂದ ಮುಂದೆ ಸಾವಿರಾರು ಶಾಸನಗಳು ಭೂಮಿಯ ಎಲ್ಲೆಯನ್ನು, ಕೊಟ್ಟವರ ಮತ್ತು ಪಡೆದವರ ಹೆಸರನ್ನು, ತಪ್ಪಿ ನಡೆದವರಿಗೆ ಶಾಪವನ್ನು ಹೊತ್ತು ದೇವಾಲಯದ ಮುಂದೆ, ಕೆರೆಯ ಏರಿಯ ಮೇಲೆ ನಿಂತವು. ಅವನ್ನು ಓದಬಲ್ಲವರು ಕಡಿಮೆ ಇದ್ದಿರಬಹುದು. ಆದರೆ ಕಲ್ಲು ಎಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ರಾತ್ರಿ ಹೊತ್ತು ಯಾರೂ ಅದನ್ನು ಸದ್ದಿಲ್ಲದೆ ತಿದ್ದುವಂತಿರಲಿಲ್ಲ.

ಆಮೇಲೆ ದಾಖಲೆ ಕಡತಕ್ಕೆ, ಕಡತದಿಂದ ಕಾಗದದ ಪುಸ್ತಕಕ್ಕೆ ಬಂತು. ಬರುತ್ತಾ ಬರುತ್ತಾ ಊರ ನಡುವಿನಿಂದ ಶಾನುಭೋಗರ ಮನೆಯ ಪೆಟ್ಟಿಗೆಗೆ ಸೇರಿತು. ವಂಶಪಾರಂಪರ್ಯವಾದ ಶಾನುಭೋಗಿಕೆ, ಪಟೇಲಿಕೆಗಳು 1963ರ ಫೆಬ್ರುವರಿಯಲ್ಲಿ ರದ್ದಾದವು. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೂ ಪಹಣಿ ಪುಸ್ತಕ ಒಬ್ಬರ ಕೈಯಲ್ಲೇ ಉಳಿಯಿತು. ಅದರ ಬಲ ಎಂಥದ್ದು ಎಂಬುದು ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಆ ಕಾನೂನಿನಡಿ ಗೇಣಿದಾರರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದರು. ಪಹಣಿಯಲ್ಲಿ ಗೇಣಿದಾರನೆಂದು ಹೆಸರು ನಮೂದಾಗಿದ್ದವನ ಹಾದಿ ಸುಗಮವಾಯಿತು. ತಲೆಮಾರುಗಳಿಂದ ಅದೇ ಹೊಲ ಉತ್ತಿದ್ದರೂ ಹೆಸರು ಬರೆಸದೇ ಹೋದವನು ಸಾಕ್ಷಿಗಾಗಿ ಮನೆಮನೆ ಅಲೆಯಬೇಕಾಯಿತು. ಒಂದು ಕಲಂನಲ್ಲಿ ಒಂದು ಹೆಸರು ಇರುವುದೂ ಇಲ್ಲದಿರುವುದೂ ಒಂದು ಮನೆತನದ ಅನ್ನವನ್ನೇ ನಿರ್ಧರಿಸಿತು.

ಈ ಹಿನ್ನೆಲೆಯಲ್ಲಿ ‘ಭೂಮಿ’ ಯೋಜನೆಯನ್ನು ನೋಡಬೇಕು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 2000ದ ಆಸುಪಾಸಿನಲ್ಲಿ, ಕರ್ನಾಟಕದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟುಹಾಕಿತು. ಯಾರು ಯಾವಾಗ ಯಾವ ನಮೂದನ್ನು ಅನುಮೋದಿಸಿದರು ಎಂಬುದಕ್ಕೂ ಬೆರಳಚ್ಚಿನ ಗುರುತು ಬಿತ್ತು. ಮೊದಲು ಲೆಕ್ಕಿಗರು ಊರಿಗೆ ಬರುವ ದಿನ ಕಾದು, ಅವರ ಮನಸ್ಸು ನೋಡಿ, ಕೈ ಬೆಚ್ಚಗೆ ಮಾಡಿ ಪಡೆಯಬೇಕಾಗಿದ್ದ ಕಾಗದ ಹಕ್ಕಿನ ಕಾಗದವಾಯಿತು. ಈಗ ಅದೇ ಪಹಣಿಯನ್ನು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡಬಹುದು. ಒಂಬತ್ತನೇ ಕಲಂನಲ್ಲಿ ತನ್ನ ಹೆಸರಿದೆಯೇ, ತೀರಿಸಿದ ಸಾಲ ಹನ್ನೊಂದನೇ ಕಲಂನಿಂದ ಹೋಗಿದೆಯೇ ಎಂದು ರೈತ ತಾನೇ ಪರೀಕ್ಷಿಸಬಹುದು. ಶಾಸನದ ಕಲ್ಲಿಗಿದ್ದ ಬಹಿರಂಗತೆ ಎಷ್ಟೋ ಶತಮಾನಗಳ ಮೇಲೆ ನಮ್ಮ ಭೂದಾಖಲೆಗೆ ಮರಳಿ ಬಂತು. ನಮ್ಮ ನಾಡಿನಲ್ಲಿ ಕಂಪ್ಯೂಟರು ಸಾಮಾನ್ಯನಿಗೆ ಮಾಡಿದ ಮೊದಲ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ.

ಆದರೆ ಅಲ್ಲಿಗೇ ಕತೆ ಮುಗಿಯಲಿಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳು ಹಾಗೆಯೇ ಕಂಪ್ಯೂಟರಿಗೆ ಹೋದವು. ಹೆಸರಿನ ಒಂದಕ್ಷರ, ಗುಂಟೆಯ ಒಂದಂಕಿ ಹೆಚ್ಚುಕಡಿಮೆಯಾಗಿ ಸೇರಿಕೊಂಡವು. ಅಜ್ಜ ತೀರಿಹೋಗಿ ಎಷ್ಟೋ ವರ್ಷವಾದರೂ ಪೌತಿ ಖಾತೆಯಾಗದೆ ಅವನ ಹೆಸರೇ ಉಳಿದ ಜಮೀನುಗಳು, ಪೋಡಿಯಾಗದ ಜಂಟಿ ಖಾತೆಗಳು ಊರೂರಿನಲ್ಲಿವೆ. ಪಹಣಿ ತೆಗೆಯಲು ಒಂದು ನಿಮಿಷ ಸಾಕು. ಅದರಲ್ಲಿನ ತಪ್ಪು ತಿದ್ದಿಸಲು ಈಗಲೂ ನಾಡಕಚೇರಿ, ತಾಲೂಕು ಕಚೇರಿ, ಉಪವಿಭಾಗಾಧಿಕಾರಿ ಕಚೇರಿಗಳ ಮೆಟ್ಟಿಲು ಹತ್ತಬೇಕು. ಬೆಂಗಳೂರಿನ ಸುತ್ತಮುತ್ತ ಇನ್ನೊಂದು ತೊಡಕನ್ನು ಸಂಶೋಧಕರು ಗುರುತಿಸಿದರು. ಹಳ್ಳಿಯ ಭೂವಿವರವೆಲ್ಲ ಒಂದೆಡೆ ಸೇರಿದಾಗ, ಎಲ್ಲಿ ಯಾರ ಜಮೀನಿದೆ ಎಂದು ತಿಳಿದುಕೊಳ್ಳುವ ಶಕ್ತಿ ಬಡ ರೈತನಿಗಿಂತ ದೊಡ್ಡ ಖರೀದಿದಾರರಿಗೆ ಹೆಚ್ಚು ಒದಗುತ್ತದೆ ಎಂಬುದು ಅವರ ಆಕ್ಷೇಪ. ದಾಖಲೆಯನ್ನು ತೆರೆದಿಟ್ಟರೆ ಸಾಲದು. ಅದನ್ನು ಬಳಸುವ ಬಲವೂ ಸಮನಾಗಿ ಹಂಚಿಕೆಯಾಗಬೇಕು.

2. ಸಂತೆ ಮತ್ತು ಸ್ಪೀಕರು

ಎರಡನೆಯದಾಗಿ ಮಾರುಕಟ್ಟೆಗೆ ಬರೋಣ. ನಮ್ಮ ಕೃಷಿ ಮಾರುಕಟ್ಟೆಗಳಲ್ಲಿ ಹಿಂದೆ ವ್ಯಾಪಾರಿಗಳು ಚೀಟಿಯಲ್ಲಿ ಬೆಲೆ ಬರೆದು ಟೆಂಡರು ಹಾಕುತ್ತಿದ್ದರು. ಯಾರು ಎಷ್ಟು ಬರೆದರು, ಯಾರು ಯಾರೊಡನೆ ಮಾತಾಡಿಕೊಂಡರು ಎಂಬುದು ರೈತನಿಗೆ ತಿಳಿಯುತ್ತಿರಲಿಲ್ಲ. ಕರ್ನಾಟಕವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಾಗ ಈ ಚೀಟಿ ಪರದೆಯ ಮೇಲೆ ಬಂತು. ತಿಪಟೂರಿಗೆ ಬಂದ ಕೊಬ್ಬರಿಗೆ ಗೇಟಿನಲ್ಲೇ ಲಾಟ್ ಸಂಖ್ಯೆ ಬೀಳುತ್ತದೆ. ವ್ಯಾಪಾರಿಗಳು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬೆಲೆ ಕೂಗುತ್ತಾರೆ. ಹೆಚ್ಚಿನ ಬೆಲೆ ಯಾವುದೆಂದು ಯಂತ್ರವೇ ಹೇಳುತ್ತದೆ. ಒಪ್ಪಿಗೆಯಾಗದಿದ್ದರೆ ಮಾರದೇ ಇರುವ ಹಕ್ಕು ರೈತನಿಗಿದೆ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಇ-ನಾಮ್ ಎಂಬ ಕೃಷಿ ಮಾರುಕಟ್ಟೆ ಜಾಲ ತಂದಾಗ ಕರ್ನಾಟಕದ ಈ ಅನುಭವ ಅದಕ್ಕೆ ಮಾದರಿಯಾಗಿತ್ತು. ಇಂದು ಅಡಿಕೆ ಬೆಳೆಗಾರನಿಗೆ ಶಿವಮೊಗ್ಗದ ಧಾರಣೆಯೂ ಶಿರಸಿಯ ಧಾರಣೆಯೂ ಸಂಜೆಯೊಳಗೆ ಫೋನಿಗೆ ಬರುತ್ತವೆ.

ಹಾಗೆಂದು ದಲ್ಲಾಳಿಗಳ ಹಿಡಿತ ಪೂರ್ತಿ ಹೋಯಿತೆಂದು ಭಾವಿಸುವುದು ತಪ್ಪು. ಬಿತ್ತನೆಗೆ, ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಮುಂಗಡ ಕೊಟ್ಟವನ ಮಂಡಿಗೇ ಮಾಲು ಹೋಗುತ್ತದೆ. ಬೆಲೆ ಗೊತ್ತಿದ್ದೂ ಬೇರೆಡೆ ಮಾರಲಾಗದ ಸ್ಥಿತಿ ಅದು. ಮಾಹಿತಿ ರೈತನ ಕಣ್ಣು ತೆರೆಸಬಲ್ಲದು, ಋಣ ತೀರಿಸಲಾರದು. ಆ ಕೆಲಸಕ್ಕೆ ಸಹಕಾರ ಸಂಘ ಬೇಕು, ಸಕಾಲದ ಬ್ಯಾಂಕ್ ಸಾಲ ಬೇಕು.

ಸಣ್ಣ ವ್ಯಾಪಾರದ ಕತೆ ಇನ್ನೂ ಮನನೀಯವಾದದ್ದು. ಯಾವ ಕಂಪನಿಯ ಆ್ಯಪ್ ಆದರೂ ಸರಿ, ‘ಫೋನ್‌ಪೇ ಮಾಡ್ತೀನಿ’ ಎನ್ನುವುದು ನಮ್ಮ ಆಡುಮಾತಾಯಿತು. ಸೊಪ್ಪಿನ ಬುಟ್ಟಿಗೆ, ಎಳನೀರಿನ ಗಾಡಿಗೆ, ಚಪ್ಪಲಿ ಹೊಲಿಯುವವರ ಪೆಟ್ಟಿಗೆಗೆ ಕ್ಯೂಆರ್ ಚೀಟಿ ಅಂಟಿತು. ಹಣ ಬಂತೆಂದು ಸ್ಪೀಕರು ಕನ್ನಡದಲ್ಲೇ ಕೂಗಿ ಹೇಳತೊಡಗಿತು. ಅಕ್ಷರ ಬಾರದ ವ್ಯಾಪಾರಿಗೆ ಆ ಕೂಗು ದೊಡ್ಡ ಆಸರೆ. ಚಿಲ್ಲರೆಯ ಜಗಳ ಹೋಯಿತು. ಹಣ ಕಳವಾಗುವ ಭಯ ತಗ್ಗಿತು. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ 1000 ಕೋಟಿ ದಾಟಿತು.

ಆದರೆ 2025ರ ಜುಲೈನಲ್ಲಿ ಇದೇ ವ್ಯಾಪಾರಿಗಳಲ್ಲಿ ಹಲವರು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ಅಂಗಡಿಗೆ ಅಂಟಿಸಿದರು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕವನ್ನು ತೆಗೆದು ನೋಡಿ, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದವರಿಗೆ ನೋಟಿಸು ಕಳಿಸಿತ್ತು. ಸರಕು ಮಾರುವವರಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಲಕ್ಷಾಂತರ ರೂಪಾಯಿಯ ನೋಟಿಸು ಹೋದದ್ದನ್ನು ಪತ್ರಿಕೆಗಳು ವರದಿ ಮಾಡಿದವು. ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದು ಸರ್ಕಾರ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ತೆರಿಗೆ ಕೇಳುವುದು ಸರ್ಕಾರದ ಹಕ್ಕು, ಕೊಡುವುದು ನಾಗರಿಕನ ಕರ್ತವ್ಯ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಪ್ರಸಂಗ ಕಲಿಸಿದ ಪಾಠ ಬೇರೆ. ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು ಕ್ಯೂಆರ್ ಚೀಟಿಯನ್ನು ಹಣ ಪಡೆಯುವ ಅನುಕೂಲವೆಂದಷ್ಟೇ ತಿಳಿದಿದ್ದರು. ಅದು ತಮ್ಮ ವರ್ಷದ ಲೆಕ್ಕಪುಸ್ತಕವನ್ನೂ ಬರೆಯುತ್ತಿದೆ, ಆ ಪುಸ್ತಕವನ್ನು ಬೇರೆಯವರು ಓದಬಲ್ಲರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಗ ಕಳಿಸಿದ ಹಣ, ಕೈಸಾಲ ತೀರಿಸಿದ ಹಣ, ಚೀಟಿಯ ಹಣ, ಮಾರಾಟದ ಹಣ ಎಲ್ಲವೂ ಒಂದೇ ಖಾತೆಗೆ ಬಿದ್ದಾಗ, ಯಂತ್ರ ಕೂಡುತ್ತದೆಯೇ ಹೊರತು ಯಾವ ಹಣ ಯಾವ ಬಾಬಿನದೆಂದು ಕೇಳುವುದಿಲ್ಲ. ಕೇಳಬೇಕಾದವರು ಮನುಷ್ಯರು. ನೋಟಿಸಿಗೆ ಮೊದಲು ತಿಳಿವಳಿಕೆ ಹೇಳುವುದು ಆಡಳಿತದ ಧರ್ಮವಾಗಬೇಕು.

ವ್ಯಾಪಾರಿಯ ಲೆಕ್ಕದಂತೆಯೇ, ಬೆಂಗಳೂರಿನ ರಸ್ತೆಗಳಲ್ಲಿ ಊಟ, ದಿನಸಿ ಹೊತ್ತು ಓಡಾಡುವ ಯುವಕರ ದಿನದ ಪ್ರತಿ ನಿಮಿಷವೂ ದಾಖಲೆಯಾಗುತ್ತದೆ. ಎಲ್ಲಿ ನಿಂತರು, ಎಷ್ಟು ಹೊತ್ತಾಯಿತು, ಗಿರಾಕಿ ಎಷ್ಟು ನಕ್ಷತ್ರ ಕೊಟ್ಟರು ಎಂಬುದರ ಮೇಲೆ ನಾಳಿನ ಕೆಲಸ ನಿಂತಿದೆ. ಒಂದು ದಿನ ಬೆಳಗ್ಗೆ ಆ್ಯಪ್ ತೆರೆಯದಿದ್ದರೆ ಕೆಲಸ ಹೋಯಿತೆಂದೇ ಅರ್ಥ. ಯಾಕೆಂದು ಕೇಳಲು ಎದುರಿಗೆ ಮೇಸ್ತ್ರಿಯಿಲ್ಲ, ಮಾಲೀಕನಿಲ್ಲ. ಕರ್ನಾಟಕವು 2025ರಲ್ಲಿ ಇಂಥ ಗಿಗ್ ಕಾರ್ಮಿಕರಿಗಾಗಿ ತಂದ ಕಾನೂನು ಇಲ್ಲಿ ಮಹತ್ವದ್ದು. ಪ್ರತಿ ವಹಿವಾಟಿನಿಂದ ಕಲ್ಯಾಣ ಶುಲ್ಕ ಸಂಗ್ರಹಿಸುವುದರ ಜೊತೆಗೆ, ಕೆಲಸದಿಂದ ತೆಗೆಯುವ ಮೊದಲು ಕಾರಣ ತಿಳಿಸಿ 14 ದಿನದ ನೋಟಿಸು ಕೊಡಬೇಕೆಂದೂ, ಯಂತ್ರದ ತೀರ್ಮಾನಗಳು ಹೇಗೆ ಆಗುತ್ತವೆಂದು ಕಾರ್ಮಿಕರಿಗೆ ತಿಳಿಸಬೇಕೆಂದೂ ಅದು ಹೇಳುತ್ತದೆ. ಅದನ್ನು ಪೂರ್ತಿಯಾಗಿ ಜಾರಿಗೆ ತಂದರೆ ದೇಶಕ್ಕೆ ದಾರಿ ತೋರಿದಂತಾಗುತ್ತದೆ.

3. ಮಾತೂ ದಾಖಲೆಯಾದಾಗ

ಇದುವರೆಗೆ ಹೇಳಿದ್ದು ಜಮೀನು, ಹಣ, ಕೂಲಿಯ ಮಾತು. ಆದರೆ ದಾಖಲೆ ನಮ್ಮ ಮಾತಿನೊಳಗೂ ಇಳಿದಿದೆ. ಇದಕ್ಕೆ ತಾಳಮದ್ದಲೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತಿನಿಂದಲೇ ನಡೆಯುವ ಕಲೆ ಅದು. ಅಲ್ಲಿನ ಮಾತು ಆಶು. ಎದುರಾಳಿ ಏನು ಹೇಳುತ್ತಾನೆಂದು ಮೊದಲೇ ತಿಳಿದಿರುವುದಿಲ್ಲ. ಆ ರಾತ್ರಿಯ, ಆ ಸಭೆಯ, ಆ ಪ್ರಸಂಗದ ಬಿಸಿಯಲ್ಲಿ ಹುಟ್ಟಿದ ವಾದ ಬೆಳಗಾಗುವಷ್ಟರಲ್ಲಿ ಕೇಳಿದವರ ನೆನಪಿಗೆ ಸೇರುತ್ತಿತ್ತು.

ಇಂದು ಯಕ್ಷಗಾನದ ಆಟವೂ ತಾಳಮದ್ದಲೆಯ ಕೂಟವೂ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತವೆ. ದುಬೈಯಲ್ಲಿರುವ ಕುಂದಾಪುರದವರು, ಅಮೆರಿಕದಲ್ಲಿರುವ ಹೊನ್ನಾವರದವರು ಊರಿನ ಆಟ ನೋಡುತ್ತಾರೆ. ಹಿರಿಯ ಕಲಾವಿದರ ಅರ್ಥಗಾರಿಕೆ ಮುಂದಿನವರಿಗೆ ಪಾಠವಾಗಿ ಉಳಿಯುತ್ತದೆ. ಹಿಂದಿನ ಎಷ್ಟೋ ಮಹನೀಯರ ಮಾತು ಗಾಳಿಯಲ್ಲಿ ಹೋಯಿತಲ್ಲ ಎಂದು ಕೊರಗುತ್ತಿದ್ದ ನಮಗೆ ಇದು ಸಂಪತ್ತು. ಆದರೆ ನಾಲ್ಕು ಗಂಟೆಯ ಸಂವಾದದಿಂದ ಅರ್ಧ ನಿಮಿಷ ಕತ್ತರಿಸಿ ಹರಡುವುದೂ ಸುಲಭವಾಗಿದೆ. ಕೌರವನ ಪಾತ್ರದಲ್ಲಿ ಆಡಿದ ಮಾತು ಕಲಾವಿದನ ಸ್ವಂತ ಮಾತಾಗಿ ಊರೂರು ಸುತ್ತಬಲ್ಲದು. ಆಗ ಅರ್ಥಧಾರಿ ಎದುರಿಗೆ ಕುಳಿತವರನ್ನು ನೋಡಿ ಮಾತಾಡುವುದರ ಬದಲು, ಮುಂದೆಂದೋ ತುಣುಕು ನೋಡುವವರನ್ನು ನೆನೆದು ಅಳುಕುತ್ತಾನೆ. ಅಳುಕಿದ ಕಡೆ ಆಶುಕಲೆ ಬೆಳೆಯುವುದಿಲ್ಲ.

ತರಗತಿಯ ಪಾಠಕ್ಕೂ, ಮನೆಯ ವಾಟ್ಸ್ಆ್ಯಪ್ ಗುಂಪಿನ ಜಗಳಕ್ಕೂ ಈ ಮಾತು ಸಲ್ಲುತ್ತದೆ. ಹಿಂದೆ ಅಣ್ಣತಮ್ಮಂದಿರು ಸಿಟ್ಟಿನಲ್ಲಿ ಆಡಿದ ಮಾತು ಹಬ್ಬದ ಊಟದ ಹೊತ್ತಿಗೆ ಮರೆಯುತ್ತಿತ್ತು. ಈಗ ಅದು ಫೋನಿನಲ್ಲಿ ತಾರೀಕು, ಗಂಟೆ ಸಮೇತ ಉಳಿಯುತ್ತದೆ. ಮರೆಯುವುದು ಕೂಡ ಸಂಸಾರವನ್ನು ಕಾಪಾಡುವ ಒಂದು ಗುಣ. ಎಲ್ಲವನ್ನೂ ಉಳಿಸಬಲ್ಲ ಸಾಧನ ಸಿಕ್ಕಮೇಲೆ, ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕು ಎಂಬ ವಿವೇಕವನ್ನು ನಾವೇ ಬೆಳೆಸಿಕೊಳ್ಳಬೇಕು.

4. ಬಾಗಿಲ ಹೊರಗೆ ನಿಂತವರು

ಇದುವರೆಗೆ ದಾಖಲೆಯ ಒಳಗಿರುವವರ ಮಾತಾಯಿತು, ಇನ್ನು ಹೊರಗೇ ಉಳಿದವರ ಮಾತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಒಂದು ಫೋಟೊ ದೇಶದ ಗಮನ ಸೆಳೆಯಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದರು. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಕೊರೊನಾದ ಆ ಎರಡು ವರ್ಷಗಳಲ್ಲಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದರು, ಮರದಡಿ ಟಾರ್ಪಾಲು ಕಟ್ಟಿದರು. ಒಂದೇ ಫೋನಿದ್ದ ಮನೆಯಲ್ಲಿ ಅಣ್ಣನ ಪಾಠ ಮೊದಲೋ ತಂಗಿಯ ಪಾಠ ಮೊದಲೋ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಹೆಚ್ಚಿನ ಕಡೆ ತಂಗಿಯ ಪರವಾಗಿರಲಿಲ್ಲ.

ಆಗ ನಮ್ಮ ಶಿಕ್ಷಣ ಇಲಾಖೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿತು. ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟ್ರುಗಳೇ ಊರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗುಲಿಗಳಲ್ಲಿ ಪಾಠ ಮಾಡಿದರು. ಕೊರತೆಗಳು ಇದ್ದವು, ಸೋಂಕಿನ ಭಯದಿಂದ ಅದು ಕೆಲಕಾಲ ನಿಂತಿತು. ಆದರೂ ಅದರ ಹಿಂದಿನ ತಿಳಿವಳಿಕೆ ಸರಿಯಾಗಿತ್ತು. ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿ ಇರಬೇಕು, ಮತ್ತು ಆ ಇನ್ನೊಂದು ದಾರಿಯಲ್ಲಿ ಮನುಷ್ಯರಿರಬೇಕು ಎಂಬ ತಿಳಿವಳಿಕೆ ಅದು.

ಪಡಿತರದ ಅಂಗಡಿಯಲ್ಲೂ ಇದೇ ಮಾತು. ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಎಂಬ ಏರ್ಪಾಡಿನಿಂದ ಸುಳ್ಳು ಕಾರ್ಡುಗಳಿಗೆ ಕಡಿವಾಣ ಬಿತ್ತು ನಿಜ. ಆದರೆ ವರ್ಷಗಟ್ಟಲೆ ಬೀಡಿ ಕಟ್ಟಿದ, ಕಲ್ಲು ಹೊತ್ತ, ಗದ್ದೆಯ ಕೆಸರಿನಲ್ಲಿ ದುಡಿದ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಅವರನ್ನು ಗುರುತಿಸುವುದಿಲ್ಲ. ಅಂಗಡಿಯಾತನಿಗೆ ಅಂಥ ಅಜ್ಜಿ ಚೆನ್ನಾಗಿ ಗೊತ್ತು, ಊರಿಗೂ ಗೊತ್ತು. ಆದರೂ ಸರ್ವರ್ ಒಪ್ಪುವವರೆಗೆ ಅಜ್ಜಿ ಕಾಯಬೇಕು. ಜೀವಮಾನವಿಡೀ ದುಡಿದದ್ದೇ ಗುರುತಿಗೆ ಅಡ್ಡಿಯಾಗುವುದು ನಾಗರಿಕ ಸಮಾಜ ಸಹಿಸಬಾರದ ಅನ್ಯಾಯ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ನಡೆದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ನಿಂತ ಹೆಂಗಸರ ಸಾಲುಗಳನ್ನು ನಾವೆಲ್ಲ ನೋಡಿದ್ದೇವೆ. ತಿಂಗಳಿಗೆ 2000 ರೂಪಾಯಿ ಮಧ್ಯವರ್ತಿಯಿಲ್ಲದೆ ಮನೆಯೊಡತಿಯ ಖಾತೆಗೇ ಬರುವುದು ಇಂಟರ್ನೆಟ್ಟಿನಿಂದ ಸಾಧ್ಯವಾಯಿತು. ಅದೇ ಹಣ ಹೆಸರಿನ ಒಂದಕ್ಷರ ಹೊಂದದೆ ನಿಂತುಹೋದಾಗ ಯಾರನ್ನು ಕೇಳಬೇಕೆಂದು ತಿಳಿಯದ ತಾಯಂದಿರೂ ಇದ್ದಾರೆ.

ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ಇಂಥವರ ಪರವಾಗಿ ಒಂದು ಬೆಳಕಿನ ಮಾತು ಹೇಳಿದೆ. ಕಣ್ಣು ಕಾಣದವರು, ಆ್ಯಸಿಡ್ ದಾಳಿಗೆ ತುತ್ತಾದವರು ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಲಾಗದೆ ಸೋಲುತ್ತಿದ್ದ ಪ್ರಕರಣ ಅದು. ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ನ್ಯಾಯಾಲಯ ಸಾರಿತು.

5. ದಾಖಲೆಯ ಒಡೆತನ

ಹಾಗಾದರೆ ಈ ದಾಖಲೆ ಯಾರದು? ಇದಕ್ಕೆ ಕಾನೂನಿನ ಉತ್ತರ ಸಿಗಲು ಕಾರಣರಾದವರು ಕರ್ನಾಟಕದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರಿಸಿತು. ಖಾಸಗಿತನ ಮೂಲಭೂತ ಹಕ್ಕು ಎಂಬ ಆ ತೀರ್ಪು ಇಂದು ಕೈಯಲ್ಲಿ ಫೋನು ಹಿಡಿದ ಪ್ರತಿ ಭಾರತೀಯನ ರಕ್ಷಣೆಗೆ ನಿಂತಿದೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ನಾಡು ಅವರನ್ನು ಇನ್ನೂ ಹೆಚ್ಚು ನೆನೆಯಬೇಕು.

2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಮಾಡಿತು. ನಮ್ಮ ವಿವರಗಳನ್ನು ನೋಡುವ, ತಿದ್ದಿಸುವ, ಅಳಿಸಲು ಕೇಳುವ ಹಕ್ಕನ್ನು ಅದು ಕೊಟ್ಟಿದೆ. ಜೊತೆಗೇ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಹೆಸರಿನಲ್ಲಿ ಸರ್ಕಾರಿ ದಾಖಲೆಯನ್ನು ಮುಚ್ಚಿಡಲು ಅವಕಾಶ ಹಿಗ್ಗಿಸಿದೆ. ಇದು ನನಗೆ ಸರಿ ಕಾಣುವುದಿಲ್ಲ. ಪ್ರಜೆಯ ಬದುಕು ಮುಚ್ಚಿರಬೇಕು, ಆಡಳಿತದ ಲೆಕ್ಕ ತೆರೆದಿರಬೇಕು. ನಮ್ಮ ರಾಜ್ಯದ ‘ಮಾಹಿತಿ ಕಣಜ’ ಜಾಲತಾಣ ಇಲಾಖೆಗಳ ಎಷ್ಟೋ ವಿವರಗಳನ್ನು ಕೇಳದೆಯೇ ಮುಂದಿಟ್ಟಿದೆ. ಹೋಗಬೇಕಾದ ದಾರಿ ಅದು.

ದಾಖಲೆ ಸೋರಿದರೆ ಏನಾಗುತ್ತದೆ ಎಂಬುದಕ್ಕೆ ಸೈಬರ್ ವಂಚನೆಗಳೇ ಸಾಕ್ಷಿ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಆದರೂ ಇಂದು ವಂಚಕರು ವಯಸ್ಸಾದವರಿಗೆ ಕರೆ ಮಾಡಿ, ಅವರ ಹೆಸರು, ಬ್ಯಾಂಕು, ಆಧಾರ್ ಸಂಖ್ಯೆ ಹೇಳಿ ನಂಬಿಸಿ, ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ ಜೀವಮಾನದ ಉಳಿತಾಯ ದೋಚುತ್ತಾರೆ. ಈ ಸಭೆಯಲ್ಲಿರುವ ಹಿರಿಯರಿಗೆ ಸ್ಪಷ್ಟವಾಗಿ ಹೇಳುತ್ತೇನೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ ಫೋನ್ ಇಡಿ, ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾಚಿಕೆಪಡಬೇಕಾದವರು ಮೋಸ ಮಾಡಿದವರು, ಮೋಸಹೋದವರಲ್ಲ.

ದಾಖಲೆಯ ಒಡೆತನದಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಯು.ಬಿ. ಪವನಜ ಅವರು 1996ರಲ್ಲೇ ತಂದ ‘ವಿಶ್ವಕನ್ನಡ’ ಜಾಲಪತ್ರಿಕೆ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, ಆಮೇಲೆ ವ್ಯಾಪಕವಾದ ಯೂನಿಕೋಡ್ ಬಳಕೆ ಇವೆಲ್ಲ ಸೇರಿ ಕನ್ನಡವನ್ನು ಇಂಟರ್ನೆಟ್ಟಿನಲ್ಲಿ ನೆಲೆಗೊಳಿಸಿದವು. ಇವರಲ್ಲಿ ಹಲವರು ಸಂಬಳಕ್ಕಾಗಿ ದುಡಿದವರಲ್ಲ, ಭಾಷೆಯ ಮೇಲಿನ ಪ್ರೀತಿಗಾಗಿ ದುಡಿದವರು. ಇಂದು ನಾವು ಹರಟೆಯನ್ನು ಕನ್ನಡದಲ್ಲಿ ಬರೆಯಬಹುದು, ಹಾಡು ಕೇಳಬಹುದು, ಅಡುಗೆ ಕಲಿಯಬಹುದು. ಆದರೆ ಬ್ಯಾಂಕಿನ ಸಂದೇಶ, ವಿಮೆಯ ಷರತ್ತು, ಆ್ಯಪ್ ಕೇಳುವ ಒಪ್ಪಿಗೆ ಹೆಚ್ಚಿನಂಶ ಇಂಗ್ಲಿಷಿನಲ್ಲೇ ಇರುತ್ತವೆ. ಹಿಂದೆ ಊರಿನಲ್ಲಿ ಓದಿದವರು ನೆರೆಯವರಿಗೆ ಕಾಗದ ಓದಿ ಹೇಳುತ್ತಿದ್ದರು. ಈಗಲೂ ನೆರೆಯವರು ಫೋನು ಹಿಡಿದು ಬಂದು ‘ಇದೇನು ಬಂದಿದೆ ನೋಡಿ ಸ್ವಲ್ಪ’ ಎನ್ನುತ್ತಾರೆ. ತನ್ನ ಹಣದ ಬಗ್ಗೆ ತನಗೇ ಬಂದ ಸಂದೇಶವನ್ನು ಓದಲಾರದವನು ಒಪ್ಪಿಗೆ ಕೊಟ್ಟದ್ದನ್ನು ಒಪ್ಪಿಗೆ ಎನ್ನಲಾಗದು.

6. ಮೂರು ಹಕ್ಕೊತ್ತಾಯ

ಮಿತ್ರರೇ, ಇಂಟರ್ನೆಟ್ ಇಲ್ಲದ ಕಾಲಕ್ಕೆ ಮರಳೋಣ ಎಂದು ನಾನು ಹೇಳುವುದಿಲ್ಲ. ಲಂಚ ಕೊಡದೆ ಪಹಣಿ ಸಿಗದಿದ್ದ ಕಾಲ, ಚೀಟಿಯೊಳಗಿನ ಬೆಲೆಗೆ ರೈತ ತಲೆಬಾಗುತ್ತಿದ್ದ ಕಾಲ ಯಾರಿಗೂ ಬೇಡ. ಆದರೆ ನಮ್ಮ ಬದುಕೆಲ್ಲ ದಾಖಲೆಯಾಗಿರುವ ಈ ಹೊತ್ತಿನಲ್ಲಿ ಮೂರು ಹಕ್ಕುಗಳನ್ನು ಬಿಟ್ಟುಕೊಡಬಾರದು.

ಮೊದಲನೆಯದು ನೋಡುವ ಹಕ್ಕು. ನನ್ನ ಬಗ್ಗೆ ಏನು ಬರೆದಿದೆ, ಅದನ್ನು ಯಾರು ಓದಿದರು ಎಂಬುದು ನನಗೆ ನನ್ನ ಭಾಷೆಯಲ್ಲಿ ತಿಳಿಯಬೇಕು. ಎರಡನೆಯದು ತಿದ್ದಿಸುವ ಹಕ್ಕು. ದಾಖಲೆ ತೆಗೆಯುವುದು ಎಷ್ಟು ಸುಲಭವೋ ಅದರ ತಪ್ಪು ತಿದ್ದಿಸುವುದೂ ಅಷ್ಟೇ ಸುಲಭವಾಗಬೇಕು. ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕಿದ 2011ರ ‘ಸಕಾಲ’ ಕಾನೂನು ನಮ್ಮಲ್ಲಿದೆ. ಪಹಣಿ, ಪಡಿತರ ಚೀಟಿ, ಪಿಂಚಣಿಯ ಹೆಸರು ತಿದ್ದುವ ಕೆಲಸಕ್ಕೂ ಅಂಥದೇ ಬಿಗಿಯಾದ ಗಡುವು ಬೇಕು. ಮೂರನೆಯದು ಇನ್ನೊಂದು ಬಾಗಿಲಿನ ಹಕ್ಕು. ಅನ್ನ, ಔಷಧಿ, ಶಾಲೆ, ಪಿಂಚಣಿ ಇವುಗಳಲ್ಲಿ ಯಾವುದನ್ನೂ ನೆಟ್‌ವರ್ಕ್ ಇಲ್ಲ, ಬೆರಳು ಹೊಂದಲಿಲ್ಲ, ಸರ್ವರ್ ಡೌನ್ ಎಂಬ ಕಾರಣಕ್ಕೆ ಯಾರಿಗೂ ನಿರಾಕರಿಸಬಾರದು. ಯಂತ್ರ ಸೋತ ಕಡೆ ತೀರ್ಮಾನ ಕೊಡುವ ಅಧಿಕಾರವಿರುವ ಒಬ್ಬ ಮನುಷ್ಯ ಆ ಕಿಟಕಿಯ ಹಿಂದೆ ಇರಲೇಬೇಕು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನೀವು ಈ ಸಾಧನಗಳ ನಡುವೆಯೇ ಹುಟ್ಟಿ ಬೆಳೆದವರು. ಈ ವಾರ ಊರಿಗೆ ಹೋದಾಗ ಮನೆಯ ಪಹಣಿ ತೆಗೆದು ತಂದೆಯವರ ಜೊತೆ ಕುಳಿತು ಕಲಂ ಕಲಂ ಓದಿ. ಅಜ್ಜಿಯ ಪಿಂಚಣಿ ಬರುತ್ತಿದೆಯೇ ನೋಡಿ. ಪಕ್ಕದ ಮನೆಯವರ ಫೋನಿಗೆ ಬಂದ ಸಂದೇಶವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಒಟಿಪಿ ಯಾರಿಗೂ ಹೇಳಬಾರದೆಂದು ತಿಳಿಸಿ. ದಾಖಲೆಯಲ್ಲಿ ತಪ್ಪು ಕಂಡರೆ ನೀವೇ ಅರ್ಜಿ ಬರೆದು, ಸ್ವೀಕೃತಿ ಪಡೆದು, ಕೆಲಸ ಆಗುವವರೆಗೆ ಬೆನ್ನುಹತ್ತಿ. ಓದಿದವರು ಊರಿಗೆ ತೀರಿಸಬೇಕಾದ ಋಣ ಇದು. ಅದನ್ನು ತೀರಿಸುವಿರೆಂಬ ಭರವಸೆಯಿಂದ ನನ್ನ ಮಾತು ಮುಗಿಸುತ್ತೇನೆ.